ಪರೀಕ್ಷೆಯ ಚೌಕಿಯಲ್ಲಿ ಕನ್ನಡ

ನಮ್ಮ ಬಳಗದ ಕಳೆದ ವಾರ್ಷಿಕ ಸಂಚಿಕೆಯ ಕರಡುಗಳನ್ನು ಒಂದೆಡೆ ಕೂಡಿಡುವ ಹೊಣೆಯನ್ನು ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ತರುಣ ಸದಸ್ಯರೊಬ್ಬರು ಹೊತ್ತುಕೊಂಡರು. ಅದರ ಹಿಂದಿನ ವರ್ಷ ‘ಕೊನೆಯ ಕರಡು’, ‘ಕೊನೆಯ ಕರಡು 2’, ‘ನಿಜವಾದ ಕೊನೆಯ ಕರಡು’ ಎಂಬ ಮೂರು ಕಡತಗಳ ನಡುವೆ ಸಿಕ್ಕಿಬಿದ್ದು, ತಿದ್ದದ ಪ್ರತಿಯೇ ಅಚ್ಚಾಗಿಹೋದ ನೋವು ನಮ್ಮಲ್ಲಿ ಯಾರಿಗೂ ಮಾಸಿರಲಿಲ್ಲ. ಆದುದರಿಂದ ಅವರು ‘ಗಿಟ್’ ಎಂಬ ಸಾಧನವನ್ನು ತಂದರು. ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರು ಎಂಬುದನ್ನೆಲ್ಲ ಅದು ಲೆಕ್ಕವಿಟ್ಟುಕೊಳ್ಳುತ್ತದೆ. ಮಾಟುಂಗದ ಮನೆಯೊಂದರಲ್ಲಿ ಭಾನುವಾರ ಸೇರಿದ್ದಾಗ ಅವರು ಕಪ್ಪು ತೆರೆಯ ಮೇಲೆ ಆದೇಶವೊಂದನ್ನು ಟೈಪು ಮಾಡಿ, ಈಗ ಯಾವ ಯಾವ ಕಡತಗಳಿವೆ ನೋಡಿ ಎಂದರು. ‘ಕವನ’ ಎಂಬ ಹೆಸರಿರಬೇಕಾದ ಜಾಗದಲ್ಲಿ \340\262\225\340\262\265\340\262\250 ಎಂಬ ಸಾಲೊಂದು ನಿಂತಿತ್ತು.

ಧಾರವಾಡದ ಕಡೆಯ ನಿವೃತ್ತ ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು, “ತಮ್ಮಾ, ನನ್ನ ಕವನ ಎಲ್ಲಿ ಹೋತು? ಇಲ್ಲಿ ಬರೇ ಲೆಕ್ಕಾ ಅದಲ್ಲ!” ಎಂದರು.

“ಎಲ್ಲೂ ಹೋಗಿಲ್ಲ ಸರ್, ಅದು ನಿಮ್ಮ ಕವನವೇ. ಕನ್ನಡದ ಒಂದೊಂದು ಅಕ್ಷರವೂ ಒಳಗೆ ಮೂರು ಮೂರು ಸಂಖ್ಯೆಗಳಾಗಿರುತ್ತದೆ. ಮೂರು ಅಕ್ಷರ, ಒಂಬತ್ತು ಸಂಖ್ಯೆ” ಎಂದು ಆ ತರುಣರು ನಕ್ಕು, ಒಂದು ಸಾಲಿನ ಆದೇಶ ಕೊಟ್ಟರು. ಕನ್ನಡ ಮರಳಿ ಬಂತು. ಇದು ದೋಷವಲ್ಲ; ಇಂಗ್ಲಿಷಿನ ಮೂಲ ಅಕ್ಷರಮಾಲೆಯಾಚೆಗಿನ ಹೆಸರುಗಳನ್ನು ಹೀಗೆ ಸಂಖ್ಯೆಗಳಲ್ಲಿ ತೋರಿಸುವುದು ಗಿಟ್‌ನ ಮೊದಲ ಏರ್ಪಾಟು, ಬೇಡವೆಂದರೆ ಬದಲಿಸಿಕೊಳ್ಳಬಹುದು ಎಂದೂ ವಿವರಿಸಿದರು. ಮಾಸ್ತರರಿಗೆ ಸಮಾಧಾನವಾಯಿತು. ನಮಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು. ಇಂತಹದೊಂದು ಏರ್ಪಾಟು ಸರಿಯಾಗಿ ನಡೆಯುತ್ತಿದೆ ಎಂದು ಇದನ್ನು ಕಟ್ಟಿದವರು ಹೇಗೆ ಖಾತ್ರಿ ಮಾಡಿಕೊಳ್ಳುತ್ತಾರೆ? ಯಾವ ಭಾಷೆಯ ಹೆಸರನ್ನು ಕೊಟ್ಟು ಪರೀಕ್ಷಿಸುತ್ತಾರೆ? ಆ ಪ್ರಶ್ನೆಯ ಬೆನ್ನು ಹತ್ತಿ ಗಿಟ್‌ನ ಪರೀಕ್ಷೆಗಳಿರುವ ಕಡತಗಳನ್ನು ಓದಿದೆವು. ಅವು ಯಾರು ಬೇಕಾದರೂ ಓದಬಹುದಾದ ಬಹಿರಂಗ ಪಠ್ಯಗಳು. ಇಂಗ್ಲಿಷ್ ಎಂ.ಎ. ಓದಿದ ನಮಗೆ ಪ್ರೋಗ್ರಾಮು ಬರೆಯಲು ಬಾರದು. ಆದರೆ ಪಠ್ಯವನ್ನು ನಿಧಾನವಾಗಿ ಓದುವ ಚಟವೊಂದು ಉಳಿದುಕೊಂಡಿದೆ.

ಮೊದಲು ಮಾತಿನ ಅರ್ಥ. ಮೌಸು, ಚಿತ್ರಗಳ ಹಂಗಿಲ್ಲದೆ, ಟೈಪು ಮಾಡಿದ ಆದೇಶವನ್ನು ತೆಗೆದುಕೊಂಡು ಎಲ್ಲೋ ಇರುವ ದೊಡ್ಡ ಯಂತ್ರದೊಡನೆ ವ್ಯವಹರಿಸಿ ಉತ್ತರ ತರುವ ಪ್ರೋಗ್ರಾಮಿಗೆ ಕಮಾಂಡ್ ಲೈನ್ ಕ್ಲೈಂಟ್ ಎನ್ನುತ್ತಾರೆ. ಅದನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡದೆ, ಬಳಸುವವನು ಹೇಗೆ ಬಳಸುತ್ತಾನೋ ಹಾಗೆಯೇ ಆದೇಶ ಕೊಟ್ಟು, ಬಂದ ಉತ್ತರ ಸರಿಯೇ ಎಂದು ನೋಡುವುದು ಫಂಕ್ಷನಲ್ ಟೆಸ್ಟಿಂಗ್. ಪ್ರತಿ ಪರೀಕ್ಷೆಗೂ ಕೆಲವು ಸಿದ್ಧತೆಗಳು ಬೇಕು. ಒಂದು ಖಾಲಿ ಕೋಣೆ ಬೇಕು, ಒಬ್ಬ ಕಲ್ಪಿತ ಬಳಕೆದಾರ ಬೇಕು, ಗಡಿಯಾರ ಬೇಕು, ಬಂದ ಉತ್ತರವನ್ನು ಬರಬೇಕಾದ ಉತ್ತರದೊಡನೆ ಹೋಲಿಸುವ ತಕ್ಕಡಿ ಬೇಕು, ಮುಗಿದ ಮೇಲೆ ಕಸ ಗುಡಿಸಲು ಯಾರಾದರೂ ಬೇಕು. ಸಾವಿರಾರು ಪರೀಕ್ಷೆಗಳಲ್ಲಿ ಇವನ್ನೆಲ್ಲ ಮತ್ತೆ ಮತ್ತೆ ಬರೆಯಲಾಗದೆಂದು ಒಂದೆಡೆ ಬರೆದಿಟ್ಟಿರುತ್ತಾರೆ. ಅದೇ ಹೆಲ್ಪರ್ ಕೋಡ್. ಯಕ್ಷಗಾನ ಬಲ್ಲವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಅದು ಚೌಕಿ. ರಂಗಸ್ಥಳದಲ್ಲಿ ಕಾಣುವುದೆಲ್ಲ ಅಲ್ಲಿ ಬಣ್ಣ ಹಚ್ಚಿಕೊಂಡೇ ಹೊರಗೆ ಬರುತ್ತದೆ; ಪ್ರೇಕ್ಷಕರಲ್ಲಿ ಅಲ್ಲಿಗೆ ಇಣುಕುವವರು ಕಡಿಮೆ.

ಗಿಟ್‌ನ ಚೌಕಿ ಎರಡು ಕಡತಗಳಲ್ಲಿದೆ: ಟೆಸ್ಟ್-ಲಿಬ್ ಮತ್ತು ಟೆಸ್ಟ್-ಲಿಬ್-ಫಂಕ್ಷನ್ಸ್. ಲೈನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಆರಂಭಿಸಿದ್ದು 2005ರ ಏಪ್ರಿಲಿನಲ್ಲಿ. ಅದೇ ವರ್ಷ ಜುಲೈಯಿಂದ ಅದನ್ನು ನಡೆಸಿಕೊಂಡು ಬಂದವರು ಜೂನಿಯೊ ಹಮಾನೊ. ಟೆಸ್ಟ್-ಲಿಬ್‌ನ ತಲೆಬರಹದಲ್ಲಿ ಇರುವುದೂ ಅವರ ಹೆಸರೇ. ಒಣ ಯಂತ್ರಭಾಷೆ ಇರಬಹುದೆಂದು ತೆರೆದ ನಮಗೆ ಅಲ್ಲಿ ಕಂಡದ್ದು ಒಂದು ಪುಟ್ಟ ಕಲ್ಪಿತ ಲೋಕ.

ಆ ಲೋಕದ ಗಡಿಯಾರ ಇಂದಿನ ಹೊತ್ತನ್ನು ತೋರಿಸುವುದಿಲ್ಲ. ‘ಟೆಸ್ಟ್ ಟಿಕ್’ ಎಂಬ ಸಹಾಯಕ ಆ ಗಡಿಯಾರವನ್ನು 1112911993 ಎಂಬ ಸಂಖ್ಯೆಯಿಂದ ಶುರುಮಾಡುತ್ತದೆ. 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು ಅವು. ಪ್ರತಿ ಸಲ ಕರೆದಾಗಲೂ ಗಡಿಯಾರ 60 ಸೆಕೆಂಡು ಮುಂದೆ ಹೋಗುತ್ತದೆ. ಆ ಸಂಖ್ಯೆಯನ್ನು ಕಾಗದದ ಮೇಲೆ ಬಿಡಿಸಿ ನೋಡಿದಾಗ ಸಿಕ್ಕಿದ ದಿನಾಂಕ 2005ರ ಏಪ್ರಿಲ್ 7. ಬರೆದವರ ಊರಿನ ಸಮಯ ಮಧ್ಯಾಹ್ನ 3 ಗಂಟೆ 13 ನಿಮಿಷ 13 ಸೆಕೆಂಡು. ಟೊರ್ವಾಲ್ಡ್ಸ್ ಗಿಟ್‌ನ ಮೊತ್ತಮೊದಲ ದಾಖಲೆಯನ್ನು ಗಿಟ್‌ನಲ್ಲೇ ಸೇರಿಸಿದ ಕ್ಷಣವೂ ಅದೇ, ಸೆಕೆಂಡು ಸಹ ತಪ್ಪದೆ. ನಮ್ಮ ದೇಶದಲ್ಲಿ ಆಗ ಏಪ್ರಿಲ್ 8ರ ನಸುಕು, ಅಮಾವಾಸ್ಯೆ. ಮರುದಿನ ಪಾರ್ಥಿವ ಸಂವತ್ಸರದ ಯುಗಾದಿ. ನಿಮಿಷ ನಿಮಿಷವಾಗಿ ಸರಿಯುವ ಆ ಲೋಕದಲ್ಲಿ ಯುಗಾದಿಯ ತನಕ ತಲುಪುವ ಪರೀಕ್ಷೆಗಳು ಬಹಳ ಇರಲಾರವು. ಗಡಿಯಾರವನ್ನು ಹೀಗೆ ಕಟ್ಟಿಹಾಕುವುದಕ್ಕೆ ಕಾರಣವಿದೆ: ಗಿಟ್ ಪ್ರತಿ ದಾಖಲೆಗೂ ಕೊಡುವ ಗುರುತಿನಲ್ಲಿ ಹೊತ್ತೂ ಸೇರಿಕೊಂಡಿರುತ್ತದೆ. ಹೊತ್ತು ಬದಲಾದರೆ ಗುರುತು ಬದಲಾಗುತ್ತದೆ. ಇಂದಿನ ಉತ್ತರವನ್ನು ನಿನ್ನೆಯದರೊಡನೆ ಹೋಲಿಸಲಾಗದು.

ಆ ಲೋಕದ ಬರಹಗಾರನ ಹೆಸರು ‘ಎ ಯು ಥಾರ್’, ಅದನ್ನು ದಾಖಲಿಸುವವನು ‘ಸಿ ಒ ಮಿಟರ್’. ಬಿಡಿ ಅಕ್ಷರಗಳನ್ನು ಕೂಡಿಸಿ ಓದಿದರೆ ಇಂಗ್ಲಿಷಿನಲ್ಲಿ ಆಥರ್, ಕಮಿಟರ್ ಎಂದಾಗುತ್ತದೆ. ಹಳೆಯ ಶ್ಲೇಷೆ. ಆದರೂ ಎರಡು ಇನಿಶಿಯಲ್ಲುಗಳನ್ನು ಮುಂದಿಟ್ಟುಕೊಂಡ ಈ ಮಹಾಶಯರನ್ನು ಕಂಡಾಗ, ಮುಂಬಯಿಯ ಅರ್ಜಿ ನಮೂನೆಗಳಲ್ಲಿ ‘ಸರ್‌ನೇಮ್’ ಎಂಬ ಕೋಷ್ಟಕದ ಮುಂದೆ ಪೆನ್ನು ಹಿಡಿದು ನಿಲ್ಲುವ ನಮ್ಮವರ ನೆನಪಾಗದೆ ಇರಲಿಲ್ಲ.

ಪರೀಕ್ಷೆ ನಡೆಯುವ ಕೋಣೆಯ ಹೆಸರು ‘ಟ್ರ್ಯಾಶ್ ಡೈರೆಕ್ಟರಿ’, ಕಸದ ಕೋಣೆ. ಹೆಸರಿನ ನಡುವೆ ಒಂದು ಖಾಲಿ ಜಾಗವಿದೆ. ಅದನ್ನು ಬೇಕೆಂದೇ ಬಿಟ್ಟಿದ್ದಾರೆ. ಬಹಳಷ್ಟು ಪ್ರೋಗ್ರಾಮುಗಳು ಹೆಸರಿನ ನಡುವೆ ಖಾಲಿ ಜಾಗ ಬಂದರೆ ಒಂದನ್ನು ಎರಡೆಂದು ತಿಳಿದು ಎಡವುತ್ತವೆ. ಅದಕ್ಕಾಗಿ ಪ್ರತ್ಯೇಕ ಪರೀಕ್ಷೆ ಬರೆಯುವ ಬದಲು, ಎಲ್ಲ ಪರೀಕ್ಷೆಗಳೂ ಆ ಹೊಸ್ತಿಲನ್ನು ದಾಟಿಯೇ ಒಳಗೆ ಬರುವಂತೆ ಮಾಡಿದ್ದಾರೆ. ಎಡವುವವನು ಮೊದಲ ಹೆಜ್ಜೆಯಲ್ಲೇ ಎಡವುತ್ತಾನೆ. ಒಂದೇ ಒಂದು ಖಾಲಿ ಜಾಗ ಇಷ್ಟು ಕೆಲಸ ಮಾಡುವುದನ್ನು ನಾವು ಛಂದಸ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ಇವೆಲ್ಲಕ್ಕಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ‘ಟೆಸ್ಟ್ ಮಸ್ಟ್ ಫೇಲ್’. ತಪ್ಪು ಆದೇಶ ಕೊಟ್ಟರೆ ಪ್ರೋಗ್ರಾಮು ಆಗದು ಎನ್ನಬೇಕು. ಹಾಗೆ ಅನ್ನುತ್ತದೆಯೇ ಎಂದು ನೋಡುವ ಸಹಾಯಕ ಇದು. ಕಮಾಂಡ್ ಲೈನಿನ ಪ್ರೋಗ್ರಾಮು ಕೆಲಸ ಮುಗಿಸಿ ಹೋಗುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಸೊನ್ನೆ ಎಂದರೆ ಕೆಲಸವಾಯಿತು, ಬೇರೇನಿದ್ದರೂ ಆಗಲಿಲ್ಲ. ಹಾಗಾದರೆ ಸೊನ್ನೆಯಲ್ಲದ ಯಾವ ಸಂಖ್ಯೆ ಬಂದರೂ ‘ಸರಿಯಾಗಿ ಸೋತಿದೆ’ ಎಂದು ಬರೆದುಕೊಳ್ಳಬಹುದಲ್ಲ? ಇಲ್ಲ. ಪ್ರೋಗ್ರಾಮು ಇರಬೇಕಾದಲ್ಲಿ ಇಲ್ಲವೇ ಇಲ್ಲವೆಂದಾದರೂ ಒಂದು ಸಂಖ್ಯೆ ಬರುತ್ತದೆ, 127. ನಡುದಾರಿಯಲ್ಲಿ ಕುಸಿದು ಸತ್ತರೂ ಸಾಮಾನ್ಯವಾಗಿ 139 ಎಂಬಂತಹ ಸಂಖ್ಯೆಯೊಂದು ಬರುತ್ತದೆ. ಟೆಸ್ಟ್ ಮಸ್ಟ್ ಫೇಲ್ ಇವನ್ನು ಸೋಲೆಂದು ಒಪ್ಪುವುದಿಲ್ಲ. ಕಾರಣ ಹೇಳಿ ‘ಆಗದು’ ಎಂದು ಹಿಂದಿರುಗುವುದು ಬೇರೆ, ಬಿದ್ದು ಸಾಯುವುದು ಬೇರೆ, ಮನೆಯಲ್ಲೇ ಇಲ್ಲದಿರುವುದು ಬೇರೆ. ಈ ಮೂರನ್ನೂ ಒಂದೇ ಎಂದು ಬರೆದುಕೊಂಡ ಪರೀಕ್ಷೆ ಯಾವುದನ್ನೂ ಪರೀಕ್ಷಿಸಿದಂತಾಗಲಿಲ್ಲ.

ಈ ಭೇದವನ್ನು ಮಾಡದೆ ಹೋದರೆ ಏನಾಗುತ್ತದೆ ಎಂಬುದನ್ನು ನಾವು ಕಚೇರಿಯಲ್ಲಿ ಕಂಡಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಲೆಕ್ಕಪತ್ರ ವಿಭಾಗಕ್ಕೆ ಇಂತಹದೇ ಒಂದು ಹೊಸ ಕ್ಲೈಂಟ್ ಬಂತು. ತಿಂಗಳ ಕೊನೆಗೆ ಪಿಂಚಣಿಯ ವಿವರಗಳ ಕಡತವನ್ನು ಕಪ್ಪು ತೆರೆಯಿಂದ ಮೇಲಿನ ಯಂತ್ರಕ್ಕೆ ಏರಿಸುವುದು ಅದರ ಕೆಲಸ. ಗುತ್ತಿಗೆದಾರರು ನೂರಾರು ಪರೀಕ್ಷೆಗಳು ಪಾಸಾದ ಪಟ್ಟಿಯನ್ನು ತಂದು ಮೇಜಿನ ಮೇಲಿಟ್ಟರು. ಬಳಕೆದಾರರ ಪರವಾಗಿ ಸಹಿ ಹಾಕಿದವರಲ್ಲಿ ನಾವೂ ಇದ್ದೆವು. ಒಂದು ತಿಂಗಳು ಕಳೆಯಿತು. ಡೊಂಬಿವಲಿಯಿಂದ ಹಿರಿಯ ಹೆಂಗಸೊಬ್ಬರ ಫೋನು ಬಂತು. ತೀರಿಕೊಂಡ ಯಜಮಾನರು ನಮ್ಮಲ್ಲೇ ಕೆಲಸ ಮಾಡಿದ್ದವರು, ವಿಜಾಪುರದ ಕಡೆಯವರು. “ನೀವರೆ ಕನ್ನಡದವರಿದ್ದೀರಿ ಅಂತ ಹೇಳಿದ್ರಿ, ಅದಕ್ಕ ಮಾಡೀನಿ. ಈ ತಿಂಗಳ ರೊಕ್ಕಾನೂ ಬಂದಿಲ್ಲರೀ. ಬ್ಯಾಂಕಿನವ್ರು ನಿಮ್ಮ ಕಚೇರಿ ಅಂತಾರ, ಕಚೇರಿಯವ್ರು ಎಲ್ಲಾ ಸರಿ ಅದ ಅಂತಾರ” ಎಂದರು.

ನಮ್ಮ ತೆರೆಯ ಮೇಲೆ ನಿಜವಾಗಿಯೂ ಎಲ್ಲ ಸರಿ ಇತ್ತು. ಕಡತ ಏರಿತ್ತು, ಸೊನ್ನೆ ಬಂದಿತ್ತು. ತಿಂಗಳೆರಡು ಕಳೆದು, ಮೂರು ಪತ್ರಗಳು ಓಡಾಡಿದ ಮೇಲೆ ಗೊತ್ತಾದದ್ದು ಇದು: ಯಜಮಾನರ ಹೆಸರಿನ ಕೊನೆಯ ಕೋಷ್ಟಕದಲ್ಲಿ ಮನೆತನದ ಹೆಸರಿನ ಬದಲು ಚುಕ್ಕಿಯಿಟ್ಟ ಇನಿಶಿಯಲ್ಲುಗಳಿದ್ದವು. ಚುಕ್ಕಿಯನ್ನು ಕಂಡ ಕ್ಲೈಂಟ್ ಆ ಸಾಲನ್ನು ಬಿಟ್ಟು ಉಳಿದವನ್ನು ಏರಿಸಿ, ‘ಒಂದು ಸಾಲು ಬಿಡಲಾಗಿದೆ’ ಎಂದು ಎಚ್ಚರಿಕೆಯ ಮಾತೊಂದನ್ನು ಪಕ್ಕದ ದಾರಿಯಲ್ಲಿ ಹೇಳಿ, ಸೊನ್ನೆಯನ್ನು ಕೊಟ್ಟು ಹೋಗಿತ್ತು. ಇಂತಹ ಪ್ರೋಗ್ರಾಮುಗಳಿಗೆ ಮಾತಾಡಲು ಎರಡು ದಾರಿಗಳಿರುತ್ತವೆ; ಉತ್ತರಕ್ಕೊಂದು, ದೂರು ಎಚ್ಚರಿಕೆಗಳಿಗೊಂದು. ಪರೀಕ್ಷೆಯಲ್ಲಿ ಇದು ಹೇಗೆ ತಪ್ಪಿಹೋಯಿತು ಎಂದು ಕೇಳಿದಾಗ ಗುತ್ತಿಗೆದಾರರ ಕಡೆಯ ಹುಡುಗಿಯೊಬ್ಬಳು ಸಂಕೋಚದಿಂದಲೇ ತನ್ನ ಲ್ಯಾಪ್‌ಟಾಪು ತಿರುಗಿಸಿ ತೋರಿಸಿದಳು. ಎಲ್ಲ ಪರೀಕ್ಷೆಗಳೂ ‘ರನ್’ ಎಂಬ ಒಂದೇ ಸಹಾಯಕದ ಮೂಲಕ ಕ್ಲೈಂಟನ್ನು ಓಡಿಸುತ್ತಿದ್ದವು. ಆ ಸಹಾಯಕ ಸೊನ್ನೆ ಬಂತೇ ಎಂದಷ್ಟೇ ನೋಡಿ, ಎರಡನೆಯ ದಾರಿಯ ಮಾತುಗಳನ್ನೆಲ್ಲ ಕಸಕ್ಕೆ ಹಾಕುತ್ತಿತ್ತು. ಇನ್ನೊಂದು ಸಹಾಯಕ ಪರೀಕ್ಷೆಗೆಂದು ಪಿಂಚಣಿದಾರರನ್ನು ಹುಟ್ಟಿಸುತ್ತಿತ್ತು. ಅದು ಹುಟ್ಟಿಸಿದ ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಸರ್‌ನೇಮ್. ಒಬ್ಬರ ಹೆಸರಿನಲ್ಲಾದರೂ ಚುಕ್ಕಿಯಿರಲಿಲ್ಲ.

ನೂರಾರು ಪರೀಕ್ಷೆಗಳಲ್ಲಿ ಒಂದೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಅವುಗಳ ಕೆಳಗೆ, ಹತ್ತೋ ಹದಿನೈದೋ ಸಾಲುಗಳಲ್ಲಿತ್ತು. ಆ ಸಾಲುಗಳನ್ನು ಯಾರೂ ಓದಿರಲಿಲ್ಲ; ನಾವೂ ಓದಿರಲಿಲ್ಲ. ಸಹಿ ಹಾಕುವವರ ಮುಂದೆ ಬರುವುದು ಪರೀಕ್ಷೆಗಳ ಪಟ್ಟಿ, ಪರೀಕ್ಷೆಗಳ ಚೌಕಿಯಲ್ಲ. ಹಾಗಾಗಿ ನಮ್ಮ ಮೊದಲ ವಾದ ಇಷ್ಟು: ಸರ್ಕಾರಿ ಕಚೇರಿಗಳಲ್ಲಿ ಬಳಕೆದಾರರ ಪರವಾಗಿ ಸಹಿ ಹಾಕುವವರು ಮೊದಲು ಕೇಳಬೇಕಾದದ್ದು ಎಷ್ಟು ಪರೀಕ್ಷೆಗಳು ಪಾಸಾದವು ಎಂಬುದನ್ನಲ್ಲ, ಹೆಲ್ಪರ್ ಕೋಡ್ ತೋರಿಸಿ ಎಂಬುದನ್ನು. ನಮಗೆ ಪ್ರೋಗ್ರಾಮು ಬಾರದು ಎಂಬುದು ನೆಪವಾಗಲಾರದು. ಕಲ್ಪಿತ ಪಿಂಚಣಿದಾರರ ಹೆಸರುಗಳ ಪಟ್ಟಿಯನ್ನು ಓದಲು ಪ್ರೋಗ್ರಾಮು ಬರಬೇಕಾಗಿಲ್ಲ. ಅದರಲ್ಲಿ ಒಬ್ಬ ಕನ್ನಡಿಗನೂ ಇಲ್ಲ, ಒಬ್ಬ ತಮಿಳನೂ ಇಲ್ಲ, ಒಂದೇ ಹೆಸರಿನವರೂ ಇಲ್ಲ ಎಂಬುದು ನಮ್ಮ ಕಣ್ಣಿಗೆ ಕಂಡಷ್ಟು ಬೇಗ ಇಪ್ಪತ್ತೈದರ ಆ ಹುಡುಗಿಗೆ ಕಾಣದಿರುವುದು ಅವಳ ತಪ್ಪಲ್ಲ.

ಈ ಮಾತಿಗೆ ಎದುರಾಗಿ ಅನುಭವಿಗಳು ಒಂದು ಪ್ರಶ್ನೆ ಹಾಕುತ್ತಾರೆ. ಪರೀಕ್ಷೆಯನ್ನು ಪರೀಕ್ಷಿಸಲು ಹೊರಟರೆ ಕೊನೆಯೆಲ್ಲಿ? ಪ್ರಶ್ನೆ ನ್ಯಾಯವಾದದ್ದೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ನಮ್ಮವರೂ ಹಿಂದಿನಿಂದಲೇ ಕೇಳಿದ್ದಾರೆ. ಗಿಟ್‌ನವರು ಇದಕ್ಕೆ ಕೊಟ್ಟಿರುವ ಉತ್ತರ ಮೊದಲ ಕಡತದಲ್ಲೇ ಇದೆ. 0000 ಎಂಬ ಅಂಕದ ಆ ಪರೀಕ್ಷೆಯಲ್ಲಿ ಅವರು ಮೊದಲು ತಮ್ಮ ಸಹಾಯಕಗಳನ್ನೇ ಪರೀಕ್ಷಿಸಿಕೊಳ್ಳುತ್ತಾರೆ: ಬೇಕೆಂದೇ ಸೋಲುವ ಪುಟ್ಟ ಪರೀಕ್ಷೆಯೊಂದನ್ನು ಹುಟ್ಟಿಸಿ, ಅದು ಸೋತಿತೆಂದು ನಮ್ಮ ಚೌಕಿ ಸರಿಯಾಗಿ ವರದಿ ಮಾಡುತ್ತದೆಯೇ ಎಂದು ನೋಡುತ್ತಾರೆ. ಇನ್ನೂ ತಿದ್ದಲಾಗದ ತಪ್ಪುಗಳಿಗೆ ‘ಟೆಸ್ಟ್ ಎಕ್ಸ್‌ಪೆಕ್ಟ್ ಫೇಲ್ಯೂರ್’ ಎಂಬ ಬೇರೆಯದೇ ಸಾಲು ಉಂಟು; ಇದು ಗೊತ್ತಿರುವ ಮುರುಕು ಎಂದು ಬಹಿರಂಗವಾಗಿ ಬರೆದಿಡುವ ಪದ್ಧತಿ. ಮುಂದೊಂದು ದಿನ ಅದು ತಾನಾಗಿ ಸರಿಹೋದರೆ, ಮುರುಕು ಮಾಯವಾಗಿದೆ ಎಂದೂ ತಿಳಿಸುತ್ತದೆ. ತಮ್ಮ ಮನೆಯ ಸೋರುವ ಜಾಗಗಳ ಪಟ್ಟಿಯನ್ನು ಬಾಗಿಲಿಗೇ ಅಂಟಿಸುವ ಈ ಧೈರ್ಯ ನಾವು ಬಲ್ಲ ಕಚೇರಿಗಳಲ್ಲಿ ಅಪರೂಪ.

ಇನ್ನು ಭಾಷೆಯ ಮಾತು. ಟೆಸ್ಟ್-ಲಿಬ್ ತನ್ನ ಲೋಕವನ್ನು ಕಟ್ಟುವಾಗ ಆರಂಭದಲ್ಲೇ ಭಾಷೆಯನ್ನೂ ಊರಿನ ಸಮಯವನ್ನೂ ನಿಗದಿಮಾಡುತ್ತದೆ. ಸಮಯ ಜಾಗತಿಕ ಸಮಯ. ಭಾಷೆ ‘ಸಿ’, ಅಂದರೆ ಯಾವ ದೇಶದ ರೂಢಿಯೂ ಇಲ್ಲದ, ಸಂದೇಶಗಳು ಮೂಲದ ಇಂಗ್ಲಿಷಿನಲ್ಲೇ ಬರುವ ಸ್ಥಿತಿ. ಇದನ್ನು ಕಂಡೊಡನೆ ಇಂಗ್ಲಿಷಿನ ದಬ್ಬಾಳಿಕೆ ಎಂದು ಸಿಟ್ಟಾಗಬೇಕಾಗಿಲ್ಲ. ಪರೀಕ್ಷೆ ಎಲ್ಲ ಯಂತ್ರಗಳಲ್ಲೂ ಒಂದೇ ಉತ್ತರ ಕೊಡಬೇಕಾದರೆ ನೆಲ ಸಮವಾಗಿರಬೇಕು. ಜರ್ಮನಿಯವನ ಯಂತ್ರದಲ್ಲಿ ಜರ್ಮನ್ ಸಂದೇಶ ಬಂದು ಹೋಲಿಕೆ ತಪ್ಪಬಾರದು. ಇದರ ಅಪಾಯವೂ ಅವರಿಗೆ ತಿಳಿಯದ್ದಲ್ಲ. ಎಲ್ಲ ಸಂದೇಶಗಳ ಜಾಗದಲ್ಲೂ ಅರ್ಥವಿಲ್ಲದ ಒಂದೇ ಮಾತನ್ನು ತುಂಬುವ ಸುಳ್ಳು ಭಾಷೆಯೊಂದನ್ನು ಕೆಲವು ಕಾಲ ಇಟ್ಟುಕೊಂಡಿದ್ದರು. ಇಂಗ್ಲಿಷ್ ಮಾತುಗಳನ್ನೇ ನೆಚ್ಚಿಕೊಂಡ ಪರೀಕ್ಷೆಗಳೂ ಪ್ರೋಗ್ರಾಮುಗಳೂ ಅದರಲ್ಲಿ ಸಿಕ್ಕಿಬೀಳುತ್ತಿದ್ದವು. ಅದಕ್ಕೆ ‘ಪಾಯ್ಸನ್’ ಎಂದೇ ಹೆಸರು. ಆ ವಿಷದ ಪಾತ್ರೆಯನ್ನು 2021ರಲ್ಲಿ ಕೈಬಿಟ್ಟರು.

ಹಾಗಾದರೆ ಇಂಗ್ಲಿಷೇತರ ಅಕ್ಷರಗಳು ಎಲ್ಲಿವೆ? ನಮ್ಮ ಮಾಸ್ತರರ ಕವನವನ್ನು ಸಂಖ್ಯೆಗಳಾಗಿ ಮಾಡಿದ ಏರ್ಪಾಟಿಗೆ 3902 ಎಂಬ ಅಂಕದ ಪರೀಕ್ಷೆಯಿದೆ. ಅದರಲ್ಲಿ ಕಡತಗಳಿಗೆ ಇಟ್ಟಿರುವ ಹೆಸರುಗಳನ್ನು ನೋಡಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಅವು ಮೂರು ಜಪಾನಿ ಚಿತ್ರಾಕ್ಷರಗಳು. ಓದಿದರೆ ಹಮಾನೊ, ಜುನ್. ಗಿಟ್‌ನ ಯಜಮಾನರು ತಮ್ಮ ಹೆಸರನ್ನೇ, ತಮ್ಮ ಭಾಷೆಯ ಅಕ್ಷರಗಳಲ್ಲೇ ಅಲ್ಲಿಟ್ಟಿದ್ದಾರೆ. ಇನ್ನೊಂದೆಡೆ, ಸಂದೇಶಗಳ ಅನುವಾದ ಸರಿಯಾಗಿ ಹೊರಬರುತ್ತದೆಯೇ ಎಂದು ನೋಡುವ ಪರೀಕ್ಷೆಗಳಿಗೆ ಆರಿಸಿಕೊಂಡಿರುವ ಭಾಷೆ ಐಸ್‌ಲ್ಯಾಂಡಿಕ್. ಸುಮಾರು 4 ಲಕ್ಷ ಜನರಿರುವ ದ್ವೀಪದ ಭಾಷೆ! ಅದೇಕೆಂದರೆ, ಅನುವಾದದ ವ್ಯವಸ್ಥೆಯನ್ನು ಗಿಟ್‌ಗೆ ತರುವುದರಲ್ಲಿ ಮುಖ್ಯರಾಗಿದ್ದವರು ಐಸ್‌ಲ್ಯಾಂಡ್ ಮೂಲದವರು. ಕಡತದ ಹೆಸರುಗಳನ್ನು ಯಂತ್ರ ತನಗೆ ಬೇಕಾದಂತೆ ಒಡೆದು ಬರೆಯುತ್ತದೆಯೇ ಎಂದು ನೋಡುವ ಇನ್ನೊಂದು ಸಹಾಯಕದಲ್ಲಿರುವುದು ಮೇಲೆ ಎರಡು ಚುಕ್ಕಿಯ ‘ಎ’, ಜರ್ಮನ್ ಸ್ವೀಡಿಷ್ ಭಾಷೆಗಳ ಅಕ್ಷರ.

ಇಲ್ಲಿ ಯಾವ ಸಮಿತಿಯೂ ಕುಳಿತು ಜಪಾನಿ ಸಾಕು, ಕನ್ನಡ ಬೇಡ ಎಂದು ತೀರ್ಮಾನಿಸಿಲ್ಲ. ಜನಸಂಖ್ಯೆ ನೋಡಿ ಭಾಷೆ ಆರಿಸುವ ಪದ್ಧತಿಯೂ ಇಲ್ಲ. ಬರೆಯಲು ಕುಳಿತವರ ಜೊತೆ ಅವರ ಭಾಷೆ ಬಂದಿದೆ, ಅಷ್ಟೇ.

ಕನ್ನಡ ಬಂದಿದ್ದರೆ ಏನು ಲಾಭವಾಗುತ್ತಿತ್ತು ಎಂದು ಕೇಳಬಹುದು. ಜಪಾನಿ ಅಕ್ಷರ ದಾಟಿದ ಹೊಸ್ತಿಲನ್ನು ಕನ್ನಡವೂ ದಾಟದೇ? ಎಲ್ಲ ಹೊಸ್ತಿಲುಗಳನ್ನೂ ದಾಟದು. ‘ಕೋ’ ಎಂಬ ಅಕ್ಷರವನ್ನು ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ಅದನ್ನು ಕಕಾರ ಮತ್ತು ಓತ್ವ ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು. ಕಕಾರ, ಎತ್ವ, ಕೊಂಬು, ದೀರ್ಘ ಎಂದು ನಾಲ್ಕಾಗಿ ಒಡೆದೂ ಬರೆಯಬಹುದು. ಎರಡೂ ಒಂದೇ ಎಂದು ಯೂನಿಕೋಡಿನ ನಿಯಮವೇ ಹೇಳುತ್ತದೆ. ಬೈಟುಗಳನ್ನು ಮಾತ್ರ ಹೋಲಿಸುವ ಪ್ರೋಗ್ರಾಮಿಗೆ ಅವು ಎರಡು ಬೇರೆ ಬೇರೆ ಕಡತಗಳು. ಚುಕ್ಕಿಯ ‘ಎ’ ಒಡೆದರೆ ಎರಡಾಗುತ್ತದೆ, ನಮ್ಮ ಓತ್ವವೊಂದೇ ಒಡೆದರೆ ಮೂರಾಗುತ್ತದೆ. ಆ ಹೊರೆಯನ್ನು ಹೊರಿಸಿ ನೋಡದೆ ಸೇತುವೆ ಗಟ್ಟಿಯೆಂದು ಹೇಳುವುದು ಹೇಗೆ?

ಕಂಬಸಾಲುಗಳ ಅಗಲದ್ದು ಇನ್ನೊಂದು ಬಗೆಯ ತೊಡಕು. ಕಪ್ಪು ತೆರೆಯ ಮೇಲೆ ಪಟ್ಟಿಗಳು ಸಾಲಾಗಿ ನಿಲ್ಲಬೇಕಾದರೆ ಪ್ರತಿ ಅಕ್ಷರ ಎಷ್ಟು ಮನೆ ಹಿಡಿಯುತ್ತದೆಂದು ಪ್ರೋಗ್ರಾಮು ಎಣಿಸಬೇಕು. ಸಾಮಾನ್ಯವಾಗಿ ಅನುಸರಿಸುವ ಎಣಿಕೆಯಲ್ಲಿ ಯೂನಿಕೋಡಿನ ವರ್ಗೀಕರಣವೇ ಆಧಾರ. ಅದರ ಪ್ರಕಾರ ಗುಡಿಸು ಜಾಗ ಹಿಡಿಯದ ಚಿಹ್ನೆ, ತಲೆಕಟ್ಟಿನ ದೀರ್ಘ ಜಾಗ ಹಿಡಿಯುವ ಚಿಹ್ನೆ. ಆದುದರಿಂದ ‘ಕಿ’ ಒಂದು ಮನೆ, ‘ಕಾ’ ಎರಡು ಮನೆ. ಒತ್ತಕ್ಷರ ಬಂದರೆ, ಕೆಳಗೆ ನಿಂತ ಒತ್ತಿಗೂ ಪಕ್ಕದಲ್ಲೊಂದು ಮನೆ ಎಣಿಕೆಯಾಗುತ್ತದೆ. ‘ಲಕ್ಷ್ಮಿ’ ಎಂದು ನಾವು ಬರೆಯುವುದು ಎರಡು ಅಕ್ಷರ. ಈ ಎಣಿಕೆಯಲ್ಲಿ ಅದಕ್ಕೆ ನಾಲ್ಕು ಮನೆ. ಪಟ್ಟಿ ವಕ್ರವಾಗುತ್ತದೆ.

ಇಂತಹ ಕಡೆ ಪರೀಕ್ಷೆ ಬರೆಯುವವರ ನಿಜವಾದ ಕಷ್ಟ ಬೇರೆಯೇ ಇದೆ. ಗಿಟ್‌ನ ಪರೀಕ್ಷೆಗಳಲ್ಲಿ ಎಲ್ಲೆಡೆ ಕಾಣುವ ಎರಡು ಕಡತಗಳಿವೆ: ಒಂದಕ್ಕೆ ‘ಎಕ್ಸ್‌ಪೆಕ್ಟ್’ ಎಂದು ಹೆಸರು, ಇನ್ನೊಂದಕ್ಕೆ ‘ಆಕ್ಚುಅಲ್’. ಬರಬೇಕಾದದ್ದು ಮತ್ತು ಬಂದದ್ದು. ‘ಟೆಸ್ಟ್ ಕಂಪ್’ ಎಂಬ ತಕ್ಕಡಿ ಇವೆರಡನ್ನೂ ತೂಗುತ್ತದೆ. ಬಂದದ್ದನ್ನು ಯಂತ್ರವೇ ಬರೆಯುತ್ತದೆ. ಬರಬೇಕಾದದ್ದನ್ನು ಮೊದಲೇ ಮನುಷ್ಯನೊಬ್ಬ ತಿಳಿದು ಬರೆದಿಡಬೇಕು. ‘ಲಕ್ಷ್ಮಿ’ ಎಷ್ಟು ಅಗಲವೆಂದು, ಒಡೆದ ‘ಕೋ’ವೂ ಇಡೀ ‘ಕೋ’ವೂ ಒಂದೇ ಎಂದು, ‘ರ‍್ಯಾಂಕ್’ ಪದದ ಒಳಗೆ ಕಾಣದ ಜೋಡಣೆಯ ಸಂಕೇತವೊಂದು ಕುಳಿತಿದೆ, ಅದನ್ನು ಕಸವೆಂದು ಗುಡಿಸಿಹಾಕಿದರೆ ರಕಾರ ಅರ್ಕಾವೊತ್ತಾಗಿ ಪದದ ರೂಪವೇ ಬದಲಾಗುತ್ತದೆಂದು ಓಸಾಕಾದವರಾಗಲಿ ಸ್ಟಾಕ್‌ಹೋಮಿನವರಾಗಲಿ ಬರೆದಿಡಲಾರರು. ಬರೆಯುವ ಸೌಜನ್ಯವಿದ್ದರೂ ಆಗದು. ಕನ್ನಡ ಓದಿ ಬರೆಯುವವರೇ ಬರೆಯಬೇಕು, ಮತ್ತು ಅದಕ್ಕೆ ಪ್ರೋಗ್ರಾಮು ಬಲ್ಲವರಿಗಿಂತ ಕಾಗುಣಿತ ಬಲ್ಲವರು ಹೆಚ್ಚು ಬೇಕು.

ಇಲ್ಲಿ ನಮ್ಮ ಎರಡನೆಯ ವಾದ ಬರುತ್ತದೆ. ಬಳಗದಲ್ಲಿ ಹಲವರಿಗೆ ಇದು ಹಿಡಿಸಿಲ್ಲ. ಗಣಕದಲ್ಲಿ ಕನ್ನಡ ಎಂದೊಡನೆ ನಾವು ಅನುವಾದಕ್ಕೆ ಕುಳಿತುಬಿಡುತ್ತೇವೆ. ಗುಂಡಿಗಳ ಮೇಲಿನ ಮಾತು, ದೋಷದ ಸಂದೇಶ ಎಲ್ಲಕ್ಕೂ ಪದ ಟಂಕಿಸುತ್ತೇವೆ. ಕ್ಲೈಂಟಿಗೆ ‘ಗ್ರಾಹಕ’ವೋ ‘ಸೇವಾರ್ಥಿ’ಯೋ ಎಂದು ಮೂರು ಭಾನುವಾರ ವಾದಿಸುತ್ತೇವೆ. ಆ ಶ್ರಮವನ್ನು ನಾವು ಹಗುರವಾಗಿ ಕಾಣುವುದಿಲ್ಲ, ನಾವೂ ಆ ವಾದಗಳಲ್ಲಿ ಗಂಟಲು ಹರಿದುಕೊಂಡವರೇ. ಆದರೆ ಅನುವಾದ ಹೊರಗಿನ ಬಣ್ಣ. ಸಂದೇಶವೆಲ್ಲ ಅಚ್ಚಗನ್ನಡದಲ್ಲಿದ್ದು, ಕನ್ನಡದ ಹೆಸರಿನ ಕಡತವನ್ನು ಕೊಟ್ಟೊಡನೆ ಪ್ರೋಗ್ರಾಮು ಎಡವಿದರೆ ಆ ಅಚ್ಚಗನ್ನಡದಿಂದ ಯಾರಿಗೆ ಏನು? ಸಂದೇಶ ಇಂಗ್ಲಿಷಿನಲ್ಲಿದ್ದರೂ ಡೊಂಬಿವಲಿಯ ಆ ತಾಯಿಯ ಸಾಲನ್ನು ಕೈಬಿಡದ ಪ್ರೋಗ್ರಾಮು ನಮಗೆ ಮೊದಲು ಬೇಕು. ಸಾಹಿತ್ಯದ ಬಳಗಕ್ಕೆ ಈ ಉಸಾಬರಿ ಏಕೆ ಎನ್ನುವವರಿಗೆ ಮಾಸ್ತರರ ಕವನದ ಒಂಬತ್ತು ಸಂಖ್ಯೆಗಳನ್ನು ತೋರಿಸಬೇಕಷ್ಟೆ.

ಹೊರನಾಡಿನವರಾದ ನಮಗೆ ಈ ಕೆಲಸ ಊರಿನವರಿಗಿಂತ ಹತ್ತಿರದ್ದು ಎಂದೂ ನಮಗನಿಸುತ್ತದೆ. ಬೇರೆಯವರು ಕಟ್ಟಿದ ನಮೂನೆಯಲ್ಲಿ ನಮ್ಮ ಹೆಸರು ಹಿಡಿಸುವುದಿಲ್ಲ ಎಂಬ ಅನುಭವ ಬೆಂಗಳೂರಿನವರಿಗೆ ಯಾವಾಗಲೋ ಒಮ್ಮೆ ಆಗುವುದು. ನಮಗೆ ಶಾಲೆಯ ದಾಖಲಾತಿಯಿಂದ ಗ್ಯಾಸಿನ ಪುಸ್ತಕದವರೆಗೆ ದಿನವೂ ಆಗುವುದು. ತಂದೆಯ ಹೆಸರನ್ನು ನಡುವೆ ಸೇರಿಸಿ, ಊರಿನ ಹೆಸರನ್ನು ಸರ್‌ನೇಮಾಗಿಸಿ, ಚುಕ್ಕಿಗಳನ್ನು ಅಳಿಸಿ ನಾವೆಲ್ಲ ಒಂದೊಂದು ವೇಷ ಹಾಕಿಕೊಂಡಿದ್ದೇವೆ. ಯಾವ ಹೊಸ್ತಿಲಿನಲ್ಲಿ ಎಡವುತ್ತೇವೆಂಬುದು ಬಾಯಿಪಾಠವಾಗಿದೆ. ಅದನ್ನೇ ಬರೆದು ಕೊಟ್ಟರೆ ಸಾಕು.

ಹೋದ ತಿಂಗಳ ಭಾನುವಾರ ಅದನ್ನು ಆರಂಭಿಸಿದ್ದೇವೆ. ಮಾಸ್ತರರು ರೂಳು ಹಾಳೆಯ ಮೇಲೆ ಹೆಸರುಗಳನ್ನೂ ಪದಗಳನ್ನೂ ಬರೆಯುತ್ತಾರೆ, ತರುಣರು ಅವನ್ನು ಪರೀಕ್ಷೆಯ ಸಹಾಯಕಗಳಿಗೆ ಒಗ್ಗುವಂತೆ ಟೈಪು ಮಾಡುತ್ತಾರೆ. ಚುಕ್ಕಿಯಿಟ್ಟ ಇನಿಶಿಯಲ್ಲುಗಳ ಹೆಸರು ಮೂರು, ಒಂದೇ ಪದದ ಹೆಸರು ಎರಡು, ಒಡೆದು ಬರೆದ ಓತ್ವದ ಪದಗಳು ನಾಲ್ಕು ಆಗಿವೆ. ಎಲ್ಲವೂ ಕಲ್ಪಿತ ಹೆಸರುಗಳು. ತಮ್ಮ ಹೆಸರನ್ನೇ ಸೇರಿಸಬೇಕೆಂದು ಹಟ ಹಿಡಿದವರು ಮಾಸ್ತರರೊಬ್ಬರೇ, ಹಮಾನೊ ಅವರ ಉದಾಹರಣೆಯನ್ನು ಅವರಿಗೆ ಹೇಳಿದ್ದು ನಮ್ಮದೇ ತಪ್ಪು. ಕೊನೆಗೆ ‘ಸಾಫ್ಟ್’ ಎಂಬ ಪದದ ಬಳಿ ಕೆಲಸ ನಿಂತಿದೆ. ತರುಣರು ಎರಡು ಬಾರಿ ಟೈಪು ಮಾಡಿ, ಒಂದರ ಕೊನೆಯಲ್ಲಿ ಕಣ್ಣಿಗೆ ಕಾಣದ ಸಂಕೇತವೊಂದಿದೆ, ಕೆಲವು ಕೀಲಿಮಣೆಗಳು ಅದನ್ನು ತಾವಾಗಿಯೇ ಸೇರಿಸುತ್ತವೆ, ಯಂತ್ರಕ್ಕೆ ಇವು ಎರಡು ಬೇರೆ ಪದಗಳು ಎಂದರು. ಎರಡನ್ನೂ ಒಂದೇ ಎಂದು ‘ಎಕ್ಸ್‌ಪೆಕ್ಟ್’ನಲ್ಲಿ ಬರೆಯಬೇಕೋ, ಬೇರೆ ಎಂದೋ? ಮಾಸ್ತರರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಕಾಣದ್ದು ಇಲ್ಲ ಅನ್ನಾಕ ಬರೂದಿಲ್ಲ ತಮ್ಮಾ. ಮುಂದಿನ ಐತ್ವಾರ ನೋಡೂಣು” ಎಂದು ಆ ಸಾಲಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.